ಕಂಕಭಟ್ಟನ ದಾಳ

ಹಾನಗಲ್ಲಿಗೆ ಹಳೆಯ ಶಾಸನಗಳಲ್ಲಿ ಪಾನುಂಗಲ್ಲು ಎಂದು ಹೆಸರು. ವಿರಾಟನಕೋಟೆ, ವಿರಾಟನಗರಿ ಎಂಬ ಹೆಸರುಗಳೂ ಶಾಸನಗಳಲ್ಲಿ ಅದಕ್ಕೆ ಉಂಟು. ಹನ್ನೆರಡು ವರ್ಷದ ವನವಾಸವನ್ನು ಮುಗಿಸಿದ ಪಾಂಡವರು ಹದಿಮೂರನೆಯ ವರ್ಷದ ಅಜ್ಞಾತವಾಸವನ್ನು ಕಳೆದುದು ತಮ್ಮ ಊರಿನಲ್ಲಿಯೇ ಎಂದು ಇಲ್ಲಿಯವರು ತಲೆತಲಾಂತರದಿಂದ ನಂಬಿಕೊಂಡು ಬಂದಿದ್ದಾರೆ. ಮತ್ಸ್ಯದೇಶದ ರಾಜಧಾನಿಯನ್ನು ಪಂಡಿತರು ರಾಜಸ್ಥಾನದ ಬೈರಾಟದಲ್ಲಿ ಗುರುತಿಸುತ್ತಾರೆ. ಭೂಗೋಳದ ದೃಷ್ಟಿಯಿಂದ ಅವರ ಮಾತೇ ಸರಿಯಾಗಿರಬೇಕು. ಆದರೆ ಒಂದು ಊರು ತನ್ನನ್ನು ಯಾವ ಕಥೆಯೊಳಗೆ ಇರಿಸಿಕೊಂಡಿದೆ ಎಂಬುದೂ ಇತಿಹಾಸದ ಸಂಗತಿಯೇ ಅಲ್ಲವೆ? ಹಾನಗಲ್ಲು ತನಗಾಗಿ ಆರಿಸಿಕೊಂಡ ಕಥೆ ಯುದ್ಧದ ಕಥೆಯಲ್ಲ, ವೇಷದ ಕಥೆ. ಐವರು ವೀರರೂ ಒಬ್ಬ ರಾಣಿಯೂ ಹೆಸರು ಬದಲಿಸಿ, ಬೇರೆ ಬೇರೆ ಕಸುಬು ಹಿಡಿದು, ಒಂದು ವರ್ಷ ಗುರುತು ಕೊಡದೆ ಬಾಳಿದ ಕಥೆ.

ಅದರಲ್ಲಿ ನನಗೆ ಯಾವಾಗಲೂ ವಿಚಿತ್ರವಾಗಿ ಕಂಡುದು ಧರ್ಮರಾಯನ ಆಯ್ಕೆ. ಭೀಮ ಅಡಿಗೆಯ ವಲಲನಾದನು, ಅರ್ಜುನ ನಾಟ್ಯ ಕಲಿಸುವ ಬೃಹನ್ನಳೆಯಾದನು. ಅವರ ಶಕ್ತಿಗೆ ಅವು ಒಪ್ಪುವ ವೇಷಗಳು. ಧರ್ಮರಾಯನು ಹಿಡಿದುದು ದಾಳಗಳನ್ನು. ಯಾವ ದಾಳದಿಂದ ರಾಜ್ಯ ಹೋಯಿತೋ, ತಮ್ಮಂದಿರು ಹೋದರೋ, ಮಡದಿ ತುಂಬಿದ ಸಭೆಯಲ್ಲಿ ಅವಮಾನಕ್ಕೆ ಒಳಗಾದಳೋ, ಅದೇ ದಾಳ! ವಿರಾಟನ ಓಲಗದಲ್ಲಿ ಕಂಕಭಟ್ಟನೆಂಬ ಹೆಸರಿನಿಂದ ಅರಸನಿಗೆ ಜೂಜಿನ ಗೆಳೆಯನಾಗಿ ಅವನು ಒಂದು ವರ್ಷ ಕುಳಿತನು. ಹಸ್ತಿನಾವತಿಯಲ್ಲಿ ಸರ್ವಸ್ವವನ್ನೂ ಕಳೆದ ಮನುಷ್ಯ ಹಾನಗಲ್ಲಿನಲ್ಲಿ ಅದೇ ಆಟವನ್ನು ನೆಮ್ಮದಿಯಾಗಿ ಆಡಿದನೆಂದರೆ, ನಡುವೆ ಏನೋ ಬದಲಾಗಿರಬೇಕು. ಆ ಬದಲಾವಣೆ ಏನೆಂಬುದೇ ಈ ಲೇಖನದ ವಿಷಯ.

ವಿಷಯಕ್ಕೆ ನಾನು ಬಂದ ದಾರಿ ಮಾತ್ರ ಪುರಾಣದ್ದಲ್ಲ. ಕೆಲಸದ ನಿಮಿತ್ತ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಬಸ್ಸಿನಲ್ಲಿ ತಿರುಗುವುದು ನನ್ನ ಪಾಲಿಗೆ ಬಂದಿದೆ. ಬಸ್ಸಿನಲ್ಲಿ ಪುಸ್ತಕ ಹಿಡಿದರೆ ಅಕ್ಷರಗಳು ಕುಣಿಯುತ್ತವೆ. ಆದುದರಿಂದ ನನ್ನ ಚೀಲದಲ್ಲಿ ಅಂಗೈಯಗಲದ ಒಂದು ವಿಡಿಯೋ ಗೇಮಿನ ಯಂತ್ರವಿರುತ್ತದೆ. ಅದರಲ್ಲಿ ಮೂವತ್ತು, ನಲವತ್ತು ವರ್ಷಗಳ ಹಿಂದಿನ ಆಟಗಳನ್ನು, ಹಕ್ಕುದಾರರು ಮತ್ತೆ ಹೊರತಂದವುಗಳನ್ನು, ಆಡುತ್ತೇನೆ. ಅವು ಗುಂಡು ಹಾರಿಸುವ ಆಟಗಳಲ್ಲ, ಪಾತ್ರ ವಹಿಸುವ ಆಟಗಳು. ಆಡುವವನು ಒಂದು ಹೆಸರನ್ನಿಟ್ಟುಕೊಂಡು ಬರಿಗೈಯಲ್ಲಿ ಊರಿನಿಂದ ಹೊರಡುತ್ತಾನೆ. ಮೂರು ನಾಲ್ಕು ಜನ ಸಂಗಡಿಗರನ್ನು ಕೂಡಿಕೊಳ್ಳುತ್ತಾನೆ. ಊರೂರು ಅಲೆದು ಜನರ ಮಾತು ಕೇಳುತ್ತಾನೆ. ಕಾಡಿನಲ್ಲಿ ಗವಿಯಲ್ಲಿ ಹೋರಾಡಿ ಅನುಭವ ಗಳಿಸುತ್ತಾನೆ. ಕೊನೆಗೆ ಮೊದಲ ದಿನ ಅಸಾಧ್ಯವೆನಿಸಿದ್ದ ಕೆಲಸವನ್ನು ಮಾಡಿ ಮುಗಿಸುತ್ತಾನೆ. ಒಂದೊಂದು ಆಟಕ್ಕೆ ಇಪ್ಪತ್ತು ಮೂವತ್ತು ತಾಸು ಹಿಡಿಯುತ್ತದೆ. ಹಾನಗಲ್ಲಿನಿಂದ ಶಿಗ್ಗಾವಿಯ ದಾರಿಗೆ ಹೇಳಿ ಮಾಡಿಸಿದ ವಿರಾಮದ ಕೆಲಸ.

ಒಮ್ಮೆ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ಬಹಳ ಹೊತ್ತು ನೋಡಿ ಕೇಳಿದರು: "ರೊಕ್ಕಾ ಕಟ್ಟಿ ಆಡೋದೇನ್ರಿ ಇದು?"

"ಇಲ್ರಿ ಅಜ್ಜಾರ, ಇದರಾಗ ರೊಕ್ಕದ ಮಾತಿಲ್ಲ," ಎಂದೆ.

"ಹಂಗಾರ ಯಾಕ ಆಡ್ತೀರಿ?"

ಆ ಪ್ರಶ್ನೆಗೆ ಆಗ ನನ್ನಲ್ಲಿ ನಗೆಯ ಹೊರತು ಬೇರೆ ಉತ್ತರವಿರಲಿಲ್ಲ. ಆದರೆ ಪ್ರಶ್ನೆ ಹಗುರವಾದುದಲ್ಲ. ಗೆದ್ದರೆ ಬರುವುದೇನೂ ಇಲ್ಲ, ಸೋತರೆ ಹೋಗುವುದೇನೂ ಇಲ್ಲ ಎಂದಮೇಲೆ ಮನುಷ್ಯ ಆಡುವುದಾದರೂ ಏತಕ್ಕೆ?

ಯಂತ್ರದ ಅಜ್ಞಾತವಾಸ

ಈ ಆಟಗಳ ಹುಟ್ಟನ್ನು ಸ್ವಲ್ಪ ನೋಡೋಣ. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟದ ನಿಯಮಗಳ ಪುಸ್ತಕಗಳು ಹೊರಬಂದುವು. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಗೊಂಬೆಗಳ ದಂಡುಗಳನ್ನಿಟ್ಟು ಯುದ್ಧದ ಆಟ ಆಡುವ ಹವ್ಯಾಸ ಅಲ್ಲಿ ಮೊದಲೇ ಇತ್ತು. ಇವರು ಮಾಡಿದ ಹೊಸತು ಇಷ್ಟೆ: ಆಡುವವನು ದಂಡಿನ ಒಡೆಯನಾಗಿ ಹೊರಗೆ ನಿಲ್ಲುವುದನ್ನು ಬಿಟ್ಟು ಒಬ್ಬನೇ ಮನುಷ್ಯನ ಪಾತ್ರದ ಒಳಗೆ ಹೋಗಬೇಕು. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬ ಕಥೆ ಹೇಳುತ್ತಾನೆ. ಉಳಿದವರು ತಮ್ಮ ತಮ್ಮ ಪಾತ್ರದ ಮಾತಾಡುತ್ತಾರೆ. ಏಟು ತಾಗಿತೋ ಇಲ್ಲವೋ, ಬೀಗ ತೆರೆಯಿತೋ ಇಲ್ಲವೋ ಎಂಬುದನ್ನು ದಾಳ ಉರುಳಿಸಿ ತಿಳಿಯುತ್ತಾರೆ. ಅವರ ದಾಳಗಳಲ್ಲಿ ಇಪ್ಪತ್ತು ಮುಖದ್ದೂ ಒಂದು ಉಂಟು.

ಕನ್ನಡಿಗರಿಗೆ ಇದರಲ್ಲಿ ಅಪರಿಚಿತವಾದುದು ಕಡಿಮೆ. ನಮ್ಮ ಭಾಷೆಯಲ್ಲಿ ಪಗಡೆಯೂ ಆಟ, ಬಯಲಾಟವೂ ಆಟ. ದಾಳ ಹಾಕುವುದಕ್ಕೂ ಬಣ್ಣ ಹಚ್ಚುವುದಕ್ಕೂ ನಾವು ಒಂದೇ ಶಬ್ದವನ್ನು ಇಟ್ಟುಕೊಂಡಿದ್ದೇವೆ. ಈ ಸೀಮೆಯ ಹಳ್ಳಿಗಳಲ್ಲಿ ಹಗಲು ರಂಟೆ ಹೊಡೆದವನು ರಾತ್ರಿ ದೊಡ್ಡಾಟದ ಕಿರೀಟ ಹೊತ್ತು ಬೆಳಗಿನವರೆಗೆ ಅರಸನಾಗಿ ನಿಂತಿದ್ದಾನೆ. ದಾಳ, ವೇಷ ಎರಡನ್ನೂ ಒಂದೇ ಮೇಜಿಗೆ ತಂದುದು ಅಮೆರಿಕದವರ ಜಾಣತನ. ಎರಡನ್ನೂ ಒಂದೇ ಓಲಗದಲ್ಲಿ ಕೂರಿಸಿದುದು ನಮ್ಮ ವಿರಾಟಪರ್ವ.

ಮೇಜಿನ ಆಟ ಯಂತ್ರದೊಳಗೆ ಹೊಕ್ಕ ಬಗೆಯಂತೂ ಪರ್ವದ ಒಂದು ಸಂಧಿಯಂತೆಯೇ ಇದೆ. 1975ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ಲೇಟೋ ಎಂಬ ದೊಡ್ಡ ಕಂಪ್ಯೂಟರ್ ವ್ಯವಸ್ಥೆಯಿತ್ತು. ಪಾಠ ಕಲಿಸುವುದಕ್ಕಾಗಿ ಮಾಡಿದುದು. ಅದರಲ್ಲಿ ರಸ್ಟಿ ರದರ್‌ಫೋರ್ಡ್ ಎಂಬಾತ ಗವಿಯಲ್ಲಿ ಅಲೆದು ಹೋರಾಡುವ ಒಂದು ಆಟವನ್ನು ಬರೆದನು. ಪಾಠಕ್ಕಾಗಿ ಮೀಸಲಾದ ಜಾಗದಲ್ಲಿ ಅದನ್ನಿಟ್ಟುದರಿಂದ ಆಟದ ಹೆಸರನ್ನು ಹಾಕುವಂತಿರಲಿಲ್ಲ. 'ಪೆಡಿಟ್5' ಎಂಬ ಪಾಠದ ಹೆಸರಿನಲ್ಲಿಯೇ ಅದು ಅಡಗಿ ಕುಳಿತಿತು. ಮೇಲಿನವರ ಕಣ್ಣಿಗೆ ಬಿದ್ದಾಗ ಅಳಿಸಿದರು. ಆದರೆ ಪ್ರತಿಗಳು ಉಳಿದುಕೊಂಡುವು. ಕಂಪ್ಯೂಟರಿನ ಪಾತ್ರದಾಟಗಳಲ್ಲಿ ಇಂದು ತಿಳಿದಿರುವ ಅತಿ ಹಳೆಯವುಗಳಲ್ಲಿ ಅದೊಂದು. ವೇಷದ ಆಟವು ತಾನೇ ವೇಷ ಹಾಕಿಕೊಂಡು ಪರರ ಮನೆಯಲ್ಲಿ ಹುಟ್ಟಿತು!

ಮುಂದಿನದು ಬೇಗ ನಡೆಯಿತು. 1981ರಲ್ಲಿ ಅಮೆರಿಕದಲ್ಲಿ 'ವಿಜರ್ಡ್ರಿ', 'ಅಲ್ಟಿಮಾ' ಎಂಬ ಎರಡು ಆಟಗಳು ಬಂದುವು. ಅವನ್ನು ಆಡಿ ಬೆರಗಾದ ಜಪಾನಿನವರು ತಮ್ಮ ಮನೆಮನೆಯ ಟೀವಿಗೆ ಹೊಂದುವಂತೆ ಅದನ್ನು ಸರಳಗೊಳಿಸಿದರು. 1986ರಲ್ಲಿ ಯೂಜಿ ಹೋರಿಯವರ 'ಡ್ರಾಗನ್ ಕ್ವೆಸ್ಟ್', 1987ರಲ್ಲಿ ಹಿರೋನೋಬು ಸಾಕಾಗುಚಿಯವರ 'ಫೈನಲ್ ಫ್ಯಾಂಟಸಿ' ಹೊರಬಂದುವು. ಅಲ್ಲಿಂದ ಅಂಗೈಗೆ ಇಳಿದುದು 1989ರಲ್ಲಿ. ಆ ವರ್ಷ ನಿಂಟೆಂಡೋ ಸಂಸ್ಥೆಯ ಗುನ್‌ಪೇ ಯೋಕೋಯಿ ಮತ್ತವರ ಸಂಗಡಿಗರು 'ಗೇಮ್ ಬಾಯ್' ಎಂಬ ಕೈಯಂತ್ರವನ್ನು ತಂದರು. ರೈಲಿನಲ್ಲಿ ಬೇಸರ ಕಳೆಯಲು ಲೆಕ್ಕದ ಯಂತ್ರದ ಗುಂಡಿಗಳನ್ನು ಒತ್ತುತ್ತ ಕುಳಿತ ಪ್ರಯಾಣಿಕನೊಬ್ಬನನ್ನು ಕಂಡು ಯೋಕೋಯಿಗೆ ಕೈಯಾಟದ ಕಲ್ಪನೆ ಹೊಳೆಯಿತೆಂದು ಹೇಳುತ್ತಾರೆ. ಹೊಸ ತಂತ್ರದ ಬೆನ್ನು ಹತ್ತದೆ, ಹಳತಾಗಿ ಅಗ್ಗವಾದ ತಂತ್ರವನ್ನೇ ಹೊಸ ಕೆಲಸಕ್ಕೆ ಹಚ್ಚಬೇಕೆಂಬುದು ಆತನ ಸಿದ್ಧಾಂತ. ನಾಲ್ಕೇ ಛಾಯೆಗಳ, ಬಣ್ಣವಿಲ್ಲದ ಆ ಪರದೆಯಲ್ಲಿ ಅದೇ ವರ್ಷ 'ಸಾಗಾ' ಎಂಬ ಪಾತ್ರದಾಟ ಬಂದಿತು. 1996ರಲ್ಲಿ ಸತೋಶಿ ತಾಜಿರಿಯವರ 'ಪೋಕೆಮಾನ್' ಬಂದು ಜಗತ್ತನ್ನೇ ಆವರಿಸಿತು.

ನಮ್ಮ ಕಡೆಗೆ 1990ರ ದಶಕದಲ್ಲಿ ಬಂದುದು ಟೀವಿಗೆ ಜೋಡಿಸುವ ಅಗ್ಗದ ನಕಲು ಪೆಟ್ಟಿಗೆಗಳು. ಅವುಗಳಲ್ಲಿ ಹಾರುವ, ಓಡುವ, ಗುಂಡು ಹಾರಿಸುವ ಆಟಗಳೇ ಹೆಚ್ಚು. ಪಾತ್ರದಾಟಕ್ಕೆ ಓದು ಬೇಕು, ವಾರಗಟ್ಟಲೆ ನೆನಪು ಬೇಕು. ಆದುದರಿಂದ ನಮ್ಮಲ್ಲಿ ಹಲವರು ಈ ಆಟಗಳನ್ನು ಕಂಡುದು ಬಹಳ ತಡವಾಗಿ, ಅವು ಹಳತಾದ ಮೇಲೆ.

ತಾರೆಯ ಮರದ ಲೆಕ್ಕ

ಹಾನಗಲ್ಲಿನಿಂದ ಈಶಾನ್ಯಕ್ಕೆ ನಡೆದರೆ ಶಿಗ್ಗಾವಿ ತಾಲೂಕು. ಅಲ್ಲಿಯ ಬಾಡ ಗ್ರಾಮ ಕನಕದಾಸರು ಹುಟ್ಟಿದ ಊರು. ಹದಿನಾರನೆಯ ಶತಮಾನದಲ್ಲಿ ಇಲ್ಲಿ ದಣ್ಣಾಯಕನಾಗಿದ್ದ ತಿಮ್ಮಪ್ಪನಾಯಕನು ಕತ್ತಿಯನ್ನು ಕೆಳಗಿಟ್ಟು ಕನಕದಾಸನಾದನೆಂದು ಪರಂಪರೆ ಹೇಳುತ್ತದೆ. ಆತನ ಕೃತಿಗಳಲ್ಲಿ 'ನಳಚರಿತ್ರೆ' ಭಾಮಿನಿ ಷಟ್ಪದಿಯಲ್ಲಿದ್ದು ಈಗಲೂ ಸುಲಭವಾಗಿ ಓದಿಸಿಕೊಳ್ಳುವ ಕಾವ್ಯ. ಹೆಸರನ್ನೂ ಬಾಳನ್ನೂ ಬದಲಿಸಿದ ಮನುಷ್ಯನು ಹೆಸರನ್ನೂ ರೂಪವನ್ನೂ ಕಳೆದುಕೊಂಡ ಅರಸನ ಕಥೆಯನ್ನು ಆರಿಸಿಕೊಂಡುದು ನನಗೆ ಅರ್ಥಪೂರ್ಣವಾಗಿ ತೋರುತ್ತದೆ.

ನಳನ ಕಥೆಯನ್ನು ಬಲ್ಲ ವಾಚಕರಿಗೆ ಅದನ್ನು ಪೂರ್ತಿ ಹೇಳಬೇಕಾಗಿಲ್ಲ. ದಾಳದಲ್ಲಿ ಪುಷ್ಕರನಿಗೆ ರಾಜ್ಯವನ್ನು ಸೋತು, ಕಾಡು ಸೇರಿ, ದಮಯಂತಿಯನ್ನು ತೊರೆದು, ಕುರೂಪಿಯಾದ ಬಾಹುಕನ ವೇಷದಲ್ಲಿ ನಳನು ಅಯೋಧ್ಯೆಯ ಋತುಪರ್ಣರಾಜನ ಸಾರಥಿಯಾಗುತ್ತಾನೆ. ಮಹಾಭಾರತದಲ್ಲಿ ಈ ಕಥೆಯನ್ನು ಕಾಡಿನಲ್ಲಿ ಕೊರಗುತ್ತ ಕುಳಿತ ಧರ್ಮರಾಯನಿಗೆ ಬೃಹದಶ್ವನೆಂಬ ಮುನಿ ಹೇಳುತ್ತಾನೆ. ಅದರಲ್ಲಿ ಒಂದು ಪ್ರಸಂಗವನ್ನು ಮಾತ್ರ ನೋಡೋಣ. ಓಡುವ ರಥದಲ್ಲಿ ಕುಳಿತ ಋತುಪರ್ಣನು ದಾರಿಯ ಒಂದು ತಾರೆಯ ಮರವನ್ನು ಕಂಡು ಅದರ ಎಲೆ ಎಷ್ಟು, ಕಾಯಿ ಎಷ್ಟು ಎಂದು ಥಟ್ಟನೆ ಹೇಳುತ್ತಾನೆ. ನಳನು ನಂಬದೆ ರಥ ನಿಲ್ಲಿಸಿ ಎಣಿಸುತ್ತಾನೆ, ಲೆಕ್ಕ ಸರಿಯಾಗಿರುತ್ತದೆ. ಈ ವಿದ್ಯೆ ದಾಳದ ಮರ್ಮವನ್ನು ಬಲ್ಲವನಿಗೆ ಸಾಧ್ಯವೆಂದು ಅರಸ ಹೇಳಿ, ಅಶ್ವವಿದ್ಯೆಗೆ ಬದಲಾಗಿ ಆ ಅಕ್ಷಹೃದಯವನ್ನು ನಳನಿಗೆ ಕೊಡುತ್ತಾನೆ. ಆ ಕ್ಷಣವೇ ನಳನ ಮೈಯಿಂದ ಕಲಿ ಹೊರಬೀಳುತ್ತಾನೆ.

ಬೇರೆ ಮರವಿರಲಿಲ್ಲವೆ, ತಾರೆಯ ಮರವೇ ಏಕೆ? ವೇದಕಾಲದಲ್ಲಿ ಜೂಜಿಗೆ ಬಳಸುತ್ತಿದ್ದುದು ತಾರೆಯ ಕಾಯಿಗಳನ್ನೇ. ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತದ ಜೂಜುಗಾರ ಶಪಿಸುವುದೂ ಅವನ್ನೇ. ಅಂದರೆ ನಳನು ರಥದಿಂದ ಇಳಿದು ನಿಂತುದು ತನ್ನನ್ನು ಹಾಳುಮಾಡಿದ ವಸ್ತುವಿನ ಎದುರಿಗೆ. ಈ ಸಲ ಅವನು ಅದನ್ನು ಉರುಳಿಸಲಿಲ್ಲ, ಎಣಿಸಿದನು. ಒಂದು ಕೊಂಬೆಯನ್ನು ನೋಡಿ ಇಡೀ ಮರವನ್ನು ಅಳೆಯುವ ಈ ಬಗೆಯಲ್ಲಿ ಸಂಭಾವ್ಯತೆಯ ಗಣಿತದ ಬೀಜವಿದೆ ಎಂದು ಈ ಕಾಲದ ವಿದ್ವಾಂಸರೂ ಬರೆದಿದ್ದಾರೆ. ದಾಳ ದೈವವೆಂದು ನಂಬಿದವನನ್ನು ಕಲಿ ಹಿಡಿಯುತ್ತಾನೆ. ಅದು ಲೆಕ್ಕವೆಂದು ತಿಳಿದವನನ್ನು ಬಿಡುತ್ತಾನೆ. ಕಥೆ ಮುಗಿದ ಮೇಲೆ ಬೃಹದಶ್ವನು ಅದೇ ವಿದ್ಯೆಯನ್ನು ಧರ್ಮರಾಯನಿಗೂ ಕಲಿಸುತ್ತಾನೆ. ವಿರಾಟನಗರಿಗೆ ಬಂದ ಕಂಕಭಟ್ಟ ಹೊಸ ಮನುಷ್ಯನಾಗಿದ್ದುದು ಹೀಗೆ.

ಹಳೆಯ ಪಾತ್ರದಾಟಗಳನ್ನು ಆಡುವವನಿಗೆ ದೊರೆಯುವುದೂ ಇಂತಹದೇ ಒಂದು ಸಣ್ಣ ಅಕ್ಷಹೃದಯ. ಮೊದಲ ದಿನಗಳಲ್ಲಿ ಪ್ರತಿಯೊಂದು ಏಟೂ ಅದೃಷ್ಟವೆನಿಸುತ್ತದೆ. ಬರಬರುತ್ತ ಯಾವ ಆಯುಧಕ್ಕೆ ಎಷ್ಟು, ಯಾವ ಕವಚಕ್ಕೆ ಎಷ್ಟು, ಎಷ್ಟು ಔಷಧ ಉಳಿದಿರುವಾಗ ಹಿಂದಿರುಗಬೇಕು ಎಂಬ ಅಂದಾಜು ಕೂಡುತ್ತದೆ. 1987ರ 'ಫೈನಲ್ ಫ್ಯಾಂಟಸಿ'ಯಲ್ಲಿ ಯಂತ್ರ ಹಾಕುವ ದಾಳ ನಿಜವಾಗಿ ದಾಳವೇ ಅಲ್ಲ. 256 ಸಂಖ್ಯೆಗಳ ಒಂದು ಸಿದ್ಧ ಪಟ್ಟಿ. ಅದನ್ನು ಬಿಡಿಸಿ ಓದಿದವರು ಎಷ್ಟನೆಯ ಹೆಜ್ಜೆಗೆ ಶತ್ರು ಎದುರಾಗುವನೆಂದು ಮುಂದಾಗಿ ಹೇಳಬಲ್ಲರು. ಋತುಪರ್ಣನ ವಿದ್ಯೆ ಇನ್ನೂ ಪೂರ್ತಿ ನಷ್ಟವಾಗಿಲ್ಲ.

ತಲೆಯ ಪಣ

ಇನ್ನು ಹಾನಗಲ್ಲಿನ ತೆಂಕಣಕ್ಕೆ ಹಿರೇಕೆರೂರು ತಾಲೂಕಿನ ಅಬ್ಬಲೂರಿಗೆ ಹೋಗೋಣ. ಸರ್ವಜ್ಞನ ಹೆಸರಿನೊಡನೆಯೂ ಕೂಡಿಬಂದ ಊರು ಅದು. ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ರ ಒಂದು ದೀರ್ಘ ಶಾಸನವಿದೆ. ಆಳಂದದಿಂದ ಬಂದ ಏಕಾಂತದ ರಾಮಯ್ಯನೆಂಬ ಶಿವಭಕ್ತನಿಗೂ ಅಲ್ಲಿಯ ಜೈನರಿಗೂ ನಡೆದ ವಾದವನ್ನು ಅದು ಶೈವರ ದೃಷ್ಟಿಯಿಂದ ಹೇಳುತ್ತದೆ. ರಾಮಯ್ಯನು ಒಡ್ಡಿದ ಪಣ ತನ್ನ ತಲೆ. ಮಾತನ್ನು ಓಲೆಯಲ್ಲಿ ಬರೆಯಿಸಿಕೊಂಡು, ತಲೆಯನ್ನರಿದು ಶಿವನಿಗೊಪ್ಪಿಸಿ, ಏಳನೆಯ ದಿನ ಅದನ್ನು ಮರಳಿ ಪಡೆದನೆಂದೂ, ಕೊನೆಗೆ ಕಳಚುರಿ ಬಿಜ್ಜಳನು ಅವನಿಗೆ ಜಯಪತ್ರ ಕೊಟ್ಟನೆಂದೂ ಶಾಸನದ ಕಥನ. ಗುಡಿಯಲ್ಲಿ ಅದರ ಚಿತ್ರಗಳನ್ನೂ ಕಂಡರಿಸಿದ್ದಾರೆ. ಆ ಕಾಲದ ಮತಗಳ ಕಲಹವನ್ನು ಇಂದು ಯಾರೂ ಮತ್ತೆ ಹೂಡಬೇಕಾಗಿಲ್ಲ. ನನ್ನ ಗಮನ ಸೆಳೆದುದು ಪಣದ ಸ್ವರೂಪ. ಧರ್ಮರಾಯ ಪಣಕ್ಕಿಟ್ಟುದು ತನ್ನನ್ನಷ್ಟೇ ಅಲ್ಲ, ಪರರನ್ನೂ. ರಾಮಯ್ಯ ಇಟ್ಟುದು ತನ್ನನ್ನು ಮಾತ್ರ.

ಹಾನಗಲ್ಲಿನ ವೀರಗಲ್ಲುಗಳೂ ಇದನ್ನೇ ಹೇಳುತ್ತವೆ. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಆ ಕೋಟೆಗೆ ಮುತ್ತಿಗೆ ಹಾಕಿದಾಗ ಕದಂಬ ಕಾಮದೇವನ ಪಡೆ ಎದುರಿಸಿ ಕಾದಿತು. ಇಂತಹ ಕಾಳಗಗಳಲ್ಲಿ ಮಡಿದವರಿಗೆ ನಿಲ್ಲಿಸಿದ ಕಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು: ಕೆಳಗೆ ಕಾದಾಟ, ನಡುವೆ ಅಪ್ಸರೆಯರ ಕೈಹಿಡಿದು ಮೇಲೇರುವುದು, ಮೇಲೆ ಶಿವಸಾನ್ನಿಧ್ಯ. ಬಾಳು ಒಂದೇ ಬಾರಿ ಸಿಕ್ಕುವಂತಹದು. ಉಳಿದುದು ಕಲ್ಲಿನ ನೆನಪು.

ಆಟದಲ್ಲಿ ಸತ್ತವನು ಮತ್ತೆ ಬರುತ್ತಾನೆ ಎಂಬುದೇ ದೊಡ್ಡವರಿಗೆ ಅದರ ಮೇಲಿರುವ ತಾತ್ಸಾರಕ್ಕೆ ಮುಖ್ಯ ಕಾರಣ. ಹಳೆಯ ಆಟಗಳನ್ನು ಮಾಡಿದವರು ಈ ಆಕ್ಷೇಪಣೆಯನ್ನು ಅರಿಯದವರೇನಲ್ಲ. 'ವಿಜರ್ಡ್ರಿ'ಯಲ್ಲಿ ಸತ್ತ ಸಂಗಡಿಗನನ್ನು ಬದುಕಿಸಲು ಗುಡಿಗೆ ಒಯ್ಯಬೇಕು. ಪ್ರಯತ್ನ ತಪ್ಪಿದರೆ ಅವನು ಬೂದಿಯಾಗುತ್ತಾನೆ. ಮತ್ತೊಮ್ಮೆ ತಪ್ಪಿದರೆ ಶಾಶ್ವತವಾಗಿ ಇಲ್ಲವಾಗುತ್ತಾನೆ. ಮೊದಲ 'ಡ್ರಾಗನ್ ಕ್ವೆಸ್ಟ್'ನಲ್ಲಿ ಆಟ ನಿಲ್ಲಿಸುವಾಗ ಯಂತ್ರವು ಇಪ್ಪತ್ತು ಜಪಾನೀ ಅಕ್ಷರಗಳ ಒಂದು ಸಾಲನ್ನು ಕೊಡುತ್ತಿತ್ತು; ಅದಕ್ಕೆ ಪುನರುಜ್ಜೀವನದ ಮಂತ್ರವೆಂದು ಹೆಸರು. ಮರುದಿನ ಅದನ್ನು ತಪ್ಪಿಲ್ಲದೆ ಬರೆದರೆ ಮಾತ್ರ ಪಾತ್ರಕ್ಕೆ ಜೀವ. ಒಂದಕ್ಷರ ಕೆಟ್ಟರೆ ವಾರದ ದುಡಿತವೆಲ್ಲ ನೀರಿಗೆ. 1988ರ ಮೂರನೆಯ ಭಾಗದಿಂದ ಗುಂಡಿಯಷ್ಟು ದೊಡ್ಡ ಬ್ಯಾಟರಿಯೊಂದು ಆ ನೆನಪನ್ನು ಕಾಯತೊಡಗಿತು.

1985ರ 'ಅಲ್ಟಿಮಾ'ದ ನಾಲ್ಕನೆಯ ಭಾಗವಂತೂ ಇನ್ನೂ ಮುಂದೆ ಹೋಯಿತು. ರಿಚರ್ಡ್ ಗ್ಯಾರಿಯಟ್ ಅದಕ್ಕೆ ಇಟ್ಟ ಹೆಸರಿನಲ್ಲಿ ನಮ್ಮ 'ಅವತಾರ' ಎಂಬ ಶಬ್ದವೇ ಇದೆ. ಅದರಲ್ಲಿ ಕೊಲ್ಲಬೇಕಾದ ಮಹಾಶತ್ರುವೇ ಇಲ್ಲ. ಸತ್ಯ, ಕರುಣೆ, ವಿನಯ ಮೊದಲಾದ ಎಂಟು ಗುಣಗಳನ್ನು ಆಡುವವನು ನಡೆನುಡಿಯಿಂದ ಸಾಧಿಸಬೇಕು. ಗಿಡಮೂಲಿಕೆ ಮಾರುವ ಕುರುಡಿಯೊಬ್ಬಳಿದ್ದಾಳೆ. ಕೊಂಡವನು ಎಷ್ಟು ಕೊಟ್ಟರೂ ಅವಳು ತೆಗೆದುಕೊಳ್ಳುತ್ತಾಳೆ. ಕಡಿಮೆ ಕೊಟ್ಟು ಹೋಗಬಹುದು, ಆ ಕ್ಷಣ ಯಾರೂ ತಡೆಯುವುದಿಲ್ಲ. ಆದರೆ ಯಂತ್ರ ಒಳಗೊಳಗೇ ಲೆಕ್ಕವಿಡುತ್ತದೆ; ಬಹಳ ದೂರ ಹೋದಮೇಲೆ ಬಾಗಿಲು ತೆರೆಯುವುದಿಲ್ಲ.

ಇದೇ ವೇಷದ ರಹಸ್ಯ. ಬಾಹುಕನು ರೂಪವನ್ನು ಮರೆಮಾಡಬಲ್ಲವನಾದನು, ಆದರೆ ಅವನ ಕೈಯಡಿಗೆಯ ರುಚಿಯಿಂದ ದಮಯಂತಿ ಅವನನ್ನು ಗುರುತಿಸಿದಳು. ಉತ್ತರಕುಮಾರ ಗೆದ್ದನೆಂಬ ಸುದ್ದಿ ಬಂದ ದಿನ ವಿರಾಟನು ದಾಳಕ್ಕೆ ಕರೆದಾಗ ಕಂಕಭಟ್ಟ, ಜೂಜು ಬೇಡ, ಯುಧಿಷ್ಠಿರನೆಂಬವನು ಇದರಿಂದಲೇ ಕೆಟ್ಟನಲ್ಲ ಎಂದು ತನ್ನದೇ ಕಥೆಯನ್ನು ಪರರದೆಂಬಂತೆ ಹೇಳಿ ಎಚ್ಚರಿಸಿದನು. ಗೆಲವು ಬೃಹನ್ನಳೆಯದೆಂಬ ನಿಜವನ್ನು ಬಿಡದೆ ನುಡಿದಾಗ, ಸಿಟ್ಟಿನಿಂದ ಅರಸ ಎಸೆದ ದಾಳ ಅವನ ಮುಖಕ್ಕೆ ತಾಗಿ ರಕ್ತ ಬಂತು. ಹೆಸರು ಸುಳ್ಳು, ಕಸುಬು ಸುಳ್ಳು. ರಕ್ತ ಬಂದರೂ ಬಿಡದ ಆ ಮಾತು ಮಾತ್ರ ಧರ್ಮರಾಯನದೇ. ಬೇರೆ ಹೆಸರಿನಲ್ಲಿ, ಯಾರೂ ಗುರುತಿಸದ ಕಡೆ, ನಮ್ಮದಾಗಿ ಉಳಿಯುವುದೇನು ಎಂದು ನೋಡಿಕೊಳ್ಳುವುದಕ್ಕಾಗಿಯೇ ಮನುಷ್ಯ ಪಾತ್ರ ವಹಿಸುತ್ತಾನೆ. ರೊಕ್ಕವಿಲ್ಲದಿದ್ದರೆ ಯಾಕೆ ಆಡುತ್ತೀರಿ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು.

ಎರಡು ದಾಳಗಳು

ಆ ಹಿರಿಯರು ರೊಕ್ಕದ ಮಾತನ್ನೇ ಮೊದಲು ಎತ್ತಿದುದು ಸುಮ್ಮನೆ ಅಲ್ಲ. ಫೋನಿನಲ್ಲಿ ರಮ್ಮಿ ಆಡಿ ಹೊಲ ಮನೆಯ ಮೇಲೆ ಸಾಲ ಮಾಡಿಕೊಂಡವರ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವೆಲ್ಲರೂ ಓದಿದ್ದೇವೆ. 2021ರಲ್ಲಿ ಕರ್ನಾಟಕ ಸರಕಾರ ಇಂತಹ ಆಟಗಳನ್ನು ತಡೆಯುವ ಕಾನೂನು ತಂದಿತು; 2022ರ ಫೆಬ್ರುವರಿಯಲ್ಲಿ ಉಚ್ಚ ನ್ಯಾಯಾಲಯ ಅದರ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಪಣವಿಲ್ಲದ ಆಟಗಳಿಗೆ ಪ್ರೋತ್ಸಾಹ ಕೊಡಬೇಕೆಂದು ಅದೇ ಕಾಯಿದೆ ಹೇಳುತ್ತದೆ. ಎರಡು ಬಗೆಯ ಆಟಗಳನ್ನು ಬೇರೆ ಮಾಡಿ ನೋಡಿದುದು ಒಳ್ಳೆಯದೇ ಆಯಿತು.

ಆದರೆ ನಡುವಿನ ಗೆರೆ ಅಷ್ಟು ಸ್ಪಷ್ಟವಾಗಿಲ್ಲ. 2010ರ ದಶಕದಿಂದೀಚೆಗೆ ಫೋನಿಗೆ ಬಂದ ಅನೇಕ ಹೊಸ ಪಾತ್ರದಾಟಗಳು ಹಣ ಕೊಡದೆ ದೊರೆಯುತ್ತವೆ. ಆದರೆ ಒಳ್ಳೆಯ ಸಂಗಡಿಗನೋ ಆಯುಧವೋ ಬೇಕಾದರೆ ನಿಜವಾದ ದುಡ್ಡು ತೆತ್ತು ಅದೃಷ್ಟದ ಪೆಟ್ಟಿಗೆಯನ್ನು ತೆರೆಯಬೇಕು. ಒಳಗೆ ಏನಿದೆಯೆಂದು ತೆರೆಯುವ ತನಕ ತಿಳಿಯದು. ಬೆಲ್ಜಿಯಂ ದೇಶ 2018ರಲ್ಲಿಯೇ ಇಂತಹ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು. ಹಳೆಯ ಆಟಗಳಲ್ಲಿಯೂ ಜೂಜಿನ ಮನೆಗಳಿವೆ, ನಿಜ. ಅಲ್ಲಿ ಸೋಲುವುದು ಆಟದೊಳಗಿನ ನಾಣ್ಯವನ್ನೇ ಹೊರತು ಮಕ್ಕಳ ಫೀಜಿನ ದುಡ್ಡನ್ನಲ್ಲ. ಒಮ್ಮೆ ಕೊಂಡರೆ ಮುಗಿಯಿತು. ಆಮೇಲೆ ಯಂತ್ರ ಕೇಳುವುದು ಆಡುವವನ ಹೊತ್ತನ್ನೂ ತಾಳ್ಮೆಯನ್ನೂ ಮಾತ್ರ. ನಾನು ಹಳೆಯವುಗಳನ್ನೇ ಹುಡುಕಿ ಆಡುವುದು ಬರಿಯ ಹಂಬಲದಿಂದಲ್ಲ. ಹಸ್ತಿನಾವತಿಯ ದಾಳ ಬೇರೆ, ವಿರಾಟನಗರಿಯ ದಾಳ ಬೇರೆ. ಹೊಸ ಕಾಲ ಮೊದಲನೆಯದನ್ನು ಎರಡನೆಯದರ ವೇಷದಲ್ಲಿ ಮಕ್ಕಳ ಕೈಗೆ ಕೊಡುತ್ತಿದೆ.

ಸವಣೂರಿನ ಮರಗಳು

ಉಳಿದುದು ಸವಣೂರು. 1948ರವರೆಗೆ ನವಾಬರ ಸಂಸ್ಥಾನ. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ ಊರು. ವೀಳ್ಯದೆಲೆಗೆ ಹೆಸರಾದ ಊರು. ಅಲ್ಲಿಯ ದೊಡ್ಡಹುಣಸೆ ಕಲ್ಮಠದಲ್ಲಿ ಮೂರು ಭಾರಿ ಮರಗಳಿವೆ. ಜನ ಅವನ್ನು ದೊಡ್ಡಹುಣಸೆ ಎನ್ನುತ್ತಾರೆ, ಆದರೆ ಅವು ಹುಣಸೆಯಲ್ಲ. ಆಫ್ರಿಕ ಖಂಡದ ಬಾವೋಬಾಬ್ ಜಾತಿಯವು. ಯಾವ ಪ್ರಯಾಣಿಕನ ಚೀಲದಲ್ಲಿ ಆ ಬೀಜ ಬಂತೋ, ಈಗ ಅವು ಸವಣೂರಿನವೇ ಆಗಿವೆ. ಊರಿನವರು ಅವುಗಳಿಗೆ ಕನ್ನಡದ ಹೆಸರಿಟ್ಟು, ಪುರಾಣವನ್ನೂ ಕಟ್ಟಿದ್ದಾರೆ.

ಆಟಗಳೂ ಹೀಗೆಯೇ ದೇಶ ಸ್ಥಳಗಳನ್ನು ದಾಟುತ್ತವೆ. ನಮ್ಮ ಪಚ್ಚೀಸಿ ಇಂಗ್ಲೆಂಡಿಗೆ ಹೋಗಿ 1896ರಲ್ಲಿ ಲೂಡೋ ಎಂಬ ಹೆಸರಿನಿಂದ ಪೇಟೆಂಟ್ ಪಡೆಯಿತು. ಪುಣ್ಯದ ಏಣಿ ಪಾಪದ ಹಾವುಗಳ ಪರಮಪದ ಸೋಪಾನಪಟ ಅಲ್ಲಿಗೆ ಹೋಗಿ ಮಕ್ಕಳ ಹಾವು ಏಣಿಯಾಗಿ ಮರಳಿತು. ಹಾಗಿರುವಾಗ ಅಮೆರಿಕದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆದ ಪಾತ್ರದಾಟ ನಮ್ಮ ಬಸ್ಸಿನಲ್ಲಿ ಕುಳಿತರೆ ಪರಕೀಯವೆನ್ನಬೇಕಾಗಿಲ್ಲ. ಕೊರತೆಯೊಂದಿದೆ. ನಾನು ಆಡಿದ ಯಾವ ಆಟವೂ ಕನ್ನಡದಲ್ಲಿ ಮಾತಾಡುವುದಿಲ್ಲ. ಗೇಮ್ ಬಾಯ್ ಪರದೆಯಲ್ಲಿ ಒಂದು ಅಕ್ಷರಕ್ಕೆ ಇದ್ದ ಮನೆ ಎಂಟು ಚುಕ್ಕೆ ಉದ್ದ, ಎಂಟು ಚುಕ್ಕೆ ಅಗಲ. ಜಪಾನೀ ಕಾನಾ ಅಕ್ಷರ ಅದರಲ್ಲಿ ಹಿಡಿಯುತ್ತದೆ. ನಮ್ಮ ಒತ್ತಕ್ಷರಕ್ಕೆ ಕಾಲು ಚಾಚಲು ಸ್ಥಳವಿಲ್ಲ. ಇಂದಿನ ಯಂತ್ರಗಳಿಗೆ ಆ ಇಕ್ಕಟ್ಟಿಲ್ಲ. ಅಜ್ಞಾತವಾಸದ ಒಂದು ವರ್ಷವನ್ನು ಆರು ಪಾತ್ರಗಳಲ್ಲಿ ಆಡಿಸುವ ಆಟವನ್ನು ಕನ್ನಡದ ತರುಣರು ಕಟ್ಟಬಾರದೇಕೆ? ಹಾನಗಲ್ಲಿಗಿಂತ ಒಳ್ಳೆಯ ರಂಗಸ್ಥಳ ಅದಕ್ಕೆ ಎಲ್ಲಿ ಸಿಕ್ಕೀತು?

ಅದಕ್ಕೆ ಮೊದಲು ಇರುವುದನ್ನು ಉಳಿಸಿಕೊಳ್ಳಬೇಕು. ಅಮೆರಿಕದಲ್ಲಿ 2010ಕ್ಕೆ ಹಿಂದೆ ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87 ಇಂದು ಮಾರಾಟದಲ್ಲಿ ದೊರೆಯುವುದಿಲ್ಲವೆಂದು ಅಲ್ಲಿಯ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿತು. ಹಳೆಯ ಆಟದ ಪೆಟ್ಟಿಗೆಗಳಲ್ಲಿ ನೆನಪನ್ನು ಕಾಯುವ ಗುಂಡಿ ಬ್ಯಾಟರಿ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಬತ್ತುತ್ತದೆ. ಯಾವನೋ ಬಾಲಕ ಬೇಸಿಗೆ ರಜೆಯೆಲ್ಲ ದುಡಿದು ಬೆಳೆಸಿದ ಪಾತ್ರ ಸದ್ದಿಲ್ಲದೆ ಅಳಿದುಹೋಗುತ್ತದೆ. ಅಬ್ಬಲೂರಿನ ಕಲ್ಲು ಎಂಟು ನೂರು ವರ್ಷ ಹಿಡಿದ ನೆನಪನ್ನು ನಮ್ಮ ಯಂತ್ರ ಇಪ್ಪತ್ತು ವರ್ಷ ಹಿಡಿಯಲಾರದು. ಆದರೆ ಕಲ್ಲು ಕೂಡ ಓದುವವರಿಲ್ಲದಿದ್ದರೆ ಬಟ್ಟೆ ಒಗೆಯುವ ಬಂಡೆಯಾಗುತ್ತದೆ. ಕಪಾಟಿನಲ್ಲಿಟ್ಟ 'ನಳಚರಿತ್ರೆ'ಗೂ ಪೆಟ್ಟಿಗೆಯಲ್ಲಿಟ್ಟ ಆಟಕ್ಕೂ ಗತಿ ಒಂದೇ. ತೆರೆದು ಓದಿದಾಗ, ಕೈಗೆತ್ತಿಕೊಂಡು ಆಡಿದಾಗ ಮಾತ್ರ ಅವು ಬದುಕಿರುತ್ತವೆ.

2023ರ ಮಳೆಗಾಲದಲ್ಲಿ ಸವಣೂರಿನ ಆ ಮೂರು ಮರಗಳಲ್ಲಿ ಒಂದು ಬುಡಮೇಲಾಗಿ ಉರುಳಿತು. ಇಷ್ಟು ಹಳೆಯ ಮರ, ಅದೂ ಹೊರಗಿನಿಂದ ಬಂದುದು, ಬಿದ್ದರೆ ಬೀಳಲಿ ಎಂದು ಊರು ಸುಮ್ಮನಾಗಲಿಲ್ಲ. ಯಂತ್ರಗಳನ್ನು ತರಿಸಿ, ಅದನ್ನು ಎತ್ತಿ, ಮಣ್ಣಿನಲ್ಲಿ ಮತ್ತೆ ನಿಲ್ಲಿಸಿದರು.